ನೆಟ್ ಹೋಯಿತಾ? ಸ್ವಿಚ್ ಮುಟ್ಟುವ ಮುಂಚೆ ಲಾಗ್ ನೋಡಿ: ಮನೆ ರೂಟರ್ ದೋಷ ನಿವಾರಣೆ ಕೈಪಿಡಿ

ನೆಟ್ ಹೋಯಿತು ಅಂದ ಕೂಡಲೇ ಎಲ್ಲರ ಕೈ ಹೋಗುವುದು ರೂಟರ್ ಸ್ವಿಚ್‌ಗೆ. ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದರೆ ಬಹಳ ಸಲ ನೆಟ್ ಬಂದೂ ಬಿಡುತ್ತದೆ. ಆದರೆ ಯಾಕೆ ಹೋಗಿತ್ತು ಅನ್ನುವ ಸುಳಿವೂ ಆ ಸ್ವಿಚ್ ಜೊತೆಗೇ ಹೋಗಿಬಿಡುತ್ತದೆ. ಮನೆ ರೂಟರ್‌ಗಳು ತಮ್ಮ ಲಾಗ್, ಅಂದರೆ ಯಾವಾಗ ಏನಾಯಿತು ಎಂಬ ದಿನಚರಿ, ಬರೆದಿಡುವುದು ಹೆಚ್ಚಾಗಿ ರ್‍ಯಾಮ್‌ನಲ್ಲಿ. ಕರೆಂಟ್ ತೆಗೆದರೆ ಅದು ಖಾಲಿ. ನಾಳೆ ಅದೇ ಹೊತ್ತಿಗೆ ಮತ್ತೆ ನೆಟ್ ಹೋದರೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಕಲಬುರಗಿಯಲ್ಲಿ ಪರಿಚಯದವರ ಮನೆಗಳಲ್ಲಿ ನಾನು ನೋಡಿದ ತೊಂದರೆಗಳಲ್ಲಿ ಜಾಸ್ತಿ ಪಾಲು ಹೊರಗಿನ ಲೈನಿನದ್ದಲ್ಲ. ಮನೆಯೊಳಗೇ ಇರುವ ಅಡಾಪ್ಟರ್, ತಪ್ಪು ಗಡಿಯಾರ, ಯಾರೋ ಎಂದೋ ಹಾಕಿಟ್ಟ ಸೆಟ್ಟಿಂಗ್, ಇಂಥವು. ಇವೆಲ್ಲ ಲಾಗ್‌ನಲ್ಲಿ ಕಾಣುತ್ತವೆ. ಲಾಗ್ ಸರಿಯಾಗಿ ಬರೆಯುವ ಹಾಗೆ ರೂಟರ್ ಅನ್ನು ಮೊದಲೇ ಹೊಂದಿಸಿಟ್ಟಿರಬೇಕು, ಅಷ್ಟೇ.

ಸ್ವಿಚ್ ಮುಟ್ಟುವ ಮುಂಚೆ

ಮೊದಲು ಲೈಟ್ ನೋಡಿ. ಫೈಬರ್ ಬರುವ ಡಬ್ಬಿಯಲ್ಲಿ, ಅಂದರೆ ಓಎನ್‌ಟಿಯಲ್ಲಿ, ಎಲ್‌ಒಎಸ್ ಅನ್ನುವ ಲೈಟ್ ಕೆಂಪಗೆ ಮಿನುಗುತ್ತಿದ್ದರೆ ಬೆಳಕೇ ಬರುತ್ತಿಲ್ಲ ಎಂದರ್ಥ. ಫೈಬರ್ ಎಲ್ಲೋ ತುಂಡಾಗಿದೆ, ಮಡಚಿದೆ, ಇಲ್ಲವೇ ಹಿಂದಿನ ಹಸಿರು ಕನೆಕ್ಟರ್ ಸಡಿಲವಾಗಿದೆ. ಕನೆಕ್ಟರ್ ಗಟ್ಟಿಯಾಗಿ ಕೂತಿದೆಯಾ ಅಂತ ಒಮ್ಮೆ ನೋಡಿ. ಕೂತಿದ್ದರೆ ನೆಟ್‌ನವರಿಗೆ ಫೋನ್ ಮಾಡಿ. ರೂಟರ್‌ಗೆ ಎಷ್ಟು ಸಲ ಸ್ವಿಚ್ ಹಾಕಿ ತೆಗೆದರೂ ರಸ್ತೆ ಅಗೆದವರು ಕತ್ತರಿಸಿದ ವೈರ್ ಕೂಡಿಕೊಳ್ಳುವುದಿಲ್ಲ ಅಲ್ವಾ?

ಕೆಂಪು ಲೈಟ್ ಇಲ್ಲದಿದ್ದರೆ ಬ್ರೌಸರ್‌ನಲ್ಲಿ ರೂಟರ್ ಪೇಜ್, ಅಂದರೆ ಅದರ ಸೆಟ್ಟಿಂಗ್ ಪುಟ, ತೆರೆದು ಅಪ್‌ಟೈಮ್ ನೋಡಿ. ಸ್ಟೇಟಸ್ ಪೇಜ್‌ನಲ್ಲಿ ಇರುತ್ತದೆ. ರೂಟರ್ ಆನ್ ಆಗಿ ಎಷ್ಟು ಹೊತ್ತಾಯಿತು ಅನ್ನುವ ಲೆಕ್ಕ ಅದು. ನನ್ನ ಮಟ್ಟಿಗೆ ಇಡೀ ಪೇಜ್‌ನಲ್ಲಿ ಅತಿ ಉಪಯೋಗದ ಅಂಕಿ ಇದೇ. ನೀವು ಮುಟ್ಟಿಲ್ಲ, ಆದರೂ ಅಪ್‌ಟೈಮ್ ಬರೀ 10 ನಿಮಿಷ ತೋರಿಸುತ್ತಿದೆ ಅಂದರೆ ರೂಟರ್ ತಾನಾಗಿಯೇ ಬಂದ್ ಆಗಿ ಶುರುವಾಗಿದೆ. ಆಗ ಕರೆಂಟ್, ಅಡಾಪ್ಟರ್, ಬಿಸಿ, ಇಲ್ಲವೇ ಟೈಮ್ ಹಾಕಿಟ್ಟ ರೀಬೂಟ್, ಇವುಗಳಲ್ಲಿ ಹುಡುಕಿ. ಅಪ್‌ಟೈಮ್ ಹಲವು ದಿನ ತೋರಿಸುತ್ತಿದೆ, ನೆಟ್ ಮಾತ್ರ ಹೋಗಿದೆ ಅಂದರೆ ರೂಟರ್ ಆರಾಮಾಗಿದೆ. ಲೈನ್, ಲಾಗಿನ್, ಡಿಎನ್‌ಎಸ್ (ವೆಬ್‌ಸೈಟ್ ಹೆಸರಿನಿಂದ ಅದರ ಐಪಿ ವಿಳಾಸ ಹುಡುಕುವ ವ್ಯವಸ್ಥೆ) ಕಡೆ ಹೋಗಿ. ಅರ್ಧ ಪತ್ತೇದಾರಿ ಇಲ್ಲೇ ಮುಗಿಯುತ್ತದೆ.

ಅದಾದ ಮೇಲೆ ಸಿಸ್ಟಮ್ ಲಾಗ್ ಪೇಜ್‌ಗೆ ಹೋಗಿ, ಸೇವ್ ಲಾಗ್ ಬಟನ್ ಇದ್ದರೆ ಒತ್ತಿ ಫೈಲ್ ಇಳಿಸಿಕೊಳ್ಳಿ. ಬಟನ್ ಇಲ್ಲದಿದ್ದರೆ ಫೋನ್‌ನಲ್ಲಿ ಸ್ಕ್ರೀನ್‌ಶಾಟ್ ಹೊಡೆದುಕೊಂಡರೂ ನಡೆಯುತ್ತದೆ. ಈಗ ಬೇಕಾದರೆ ರೀಸ್ಟಾರ್ಟ್ ಮಾಡಿ.

ರೂಟರ್ ಪೇಜೇ ತೆರೆಯುತ್ತಿಲ್ಲ ಅಂದರೆ

ರೂಟರ್ ವಿಳಾಸ ಎಲ್ಲ ಮನೆಯಲ್ಲೂ 192.168.1.1 ಆಗಿರಬೇಕೆಂದಿಲ್ಲ. ಫೋನ್‌ನಲ್ಲಿ ವೈಫೈ ಹೆಸರಿನ ಮೇಲೆ ಒತ್ತಿ ವಿವರ ತೆರೆದರೆ ಗೇಟ್‌ವೇ ಎಂದು ಬರೆದಿರುತ್ತದೆ. ಅದೇ ನಿಮ್ಮ ರೂಟರ್ ವಿಳಾಸ. ವಿಂಡೋಸ್ ಕಂಪ್ಯೂಟರ್ ಇದ್ದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ (ipconfig) ಅಂತ ಹೊಡೆದರೆ ಸಿಗುತ್ತದೆ.

ವಿಳಾಸ ಸರಿ ಇದ್ದೂ ಪೇಜ್ ಬರದಿದ್ದರೆ ಫೋನ್‌ನ ಮೊಬೈಲ್ ಡೇಟಾ ಬಂದ್ ಮಾಡಿ. ವೈಫೈನಲ್ಲಿ ನೆಟ್ ಇಲ್ಲ ಎಂದು ಗೊತ್ತಾದರೆ ಫೋನ್ ಸದ್ದಿಲ್ಲದೆ ಮೊಬೈಲ್ ಡೇಟಾಗೆ ಜಿಗಿಯುತ್ತದೆ. ಆಮೇಲೆ ರೂಟರ್ ಪೇಜ್ ಎಲ್ಲಿಂದ ಬರಬೇಕು? ಗೆಸ್ಟ್ ವೈಫೈನಲ್ಲಿದ್ದರೂ ಪೇಜ್ ತೆರೆಯುವುದಿಲ್ಲ, ಗೆಸ್ಟ್‌ನವರನ್ನು ರೂಟರ್ ಬೇಕೆಂದೇ ಹೊರಗಿಡುತ್ತದೆ. ವಿಳಾಸದ ಮುಂದೆ ಎಚ್‌ಟಿಟಿಪಿಎಸ್ ಹಾಕಿದಾಗ ಬ್ರೌಸರ್ ಸುರಕ್ಷಿತವಲ್ಲ ಎಂದು ಕೆಂಪು ಪುಟ ತೋರಿಸಬಹುದು. ರೂಟರ್ ತನ್ನ ಸರ್ಟಿಫಿಕೇಟ್ ತಾನೇ ಬರೆದುಕೊಂಡಿರುವುದರಿಂದ ಹಾಗೆ. ನಿಮ್ಮದೇ ಮನೆ ವೈಫೈ, ನೀವೇ ಹೊಡೆದ ವಿಳಾಸ ಅಂದಮೇಲೆ ಮುಂದೆ ಹೋಗಬಹುದು.

ಪೇಜ್ ಬರುತ್ತದೆ, ಪಾಸ್‌ವರ್ಡ್ ಮಾತ್ರ ಹಿಡಿಯುತ್ತಿಲ್ಲ ಅನ್ನುವ ದೂರು ಬಹಳ. ಪಾಸ್‌ವರ್ಡ್ ಮರೆತಿದ್ದೀರಿ ಎಂದುಕೊಳ್ಳುವ ಮುಂಚೆ ಪೇಜ್‌ನ ಮೇಲೆ ಯಾವ ಕಂಪನಿಯ ಹೆಸರಿದೆ ನೋಡಿ. ನೆಟ್‌ನವರು ಕೊಟ್ಟ ಓಎನ್‌ಟಿ ತಾನೇ ಒಂದು ರೂಟರ್. ಅದರ ಹಿಂದೆ ನೀವು ಅಂಗಡಿಯಿಂದ ತಂದ ಇನ್ನೊಂದು ರೂಟರ್. ಎರಡಕ್ಕೂ ವಿಳಾಸ 192.168.1.1 ಆಗಿದ್ದರೆ ನೀವು ಯಾವುದನ್ನು ತೆರೆಯುತ್ತಿದ್ದೀರಿ ಎಂದು ನಿಮಗೂ ಗೊತ್ತಾಗುವುದಿಲ್ಲ, ರೂಟರ್‌ಗೂ ದಾರಿ ತಪ್ಪುತ್ತದೆ. ನಿಮ್ಮ ರೂಟರ್ ವಿಳಾಸವನ್ನು 192.168.10.1 ಅಂತ ಏನಾದರೂ ಬದಲಿಸಿಬಿಡಿ. ಆ ಒಂದು ಬದಲಾವಣೆಗೇ ಕೆಲವು ಮನೆಯಲ್ಲಿ ನೆಟ್ ಸರಿಹೋದದ್ದುಂಟು.

ಮ್ಯಾನೇಜ್‌ಮೆಂಟ್ ಪೇಜ್‌ನಲ್ಲಿ ಲೋಕಲ್ ಮ್ಯಾನೇಜ್‌ಮೆಂಟ್ ಎಂಬ ಜಾಗವಿರುತ್ತದೆ. ಇಂಥ ಮ್ಯಾಕ್ ವಿಳಾಸದ (ಪ್ರತಿ ಸಾಧನಕ್ಕೂ ಇರುವ ಗುರುತಿನ ಸಂಖ್ಯೆ) ಸಾಧನ ಮಾತ್ರ ಪೇಜ್ ತೆರೆಯಬಹುದು ಎಂದು ಅಲ್ಲಿ ಹಾಕಬಹುದು. ಓದಿದರೆ ಒಳ್ಳೆಯದೇ ಅನ್ನಿಸುತ್ತದೆ. ನಾನು ಮಾತ್ರ ಮನೆಗೆ ಇದನ್ನು ಹಾಕಿ ಅಂತ ಹೇಳುವುದಿಲ್ಲ. ಆಂಡ್ರಾಯ್ಡ್ 10, ಐಓಎಸ್ 14ರಿಂದ ಈಚೆಗೆ ಫೋನ್‌ಗಳು ವೈಫೈಗೆ ತಮ್ಮ ನಿಜವಾದ ಮ್ಯಾಕ್ ಕೊಡದೆ ಬೇರೆಯದೊಂದು ಕೊಡುತ್ತವೆ. ವೈಫೈ ಮರೆತು ಮತ್ತೆ ಸೇರಿದಾಗ ಅದು ಬದಲಾಯಿತು ಅಂದರೆ ನಿಮ್ಮ ಮನೆಯ ರೂಟರ್‌ಗೆ ನೀವೇ ಹೊರಗಿನವರು. ಒಳ್ಳೆ ಪಾಸ್‌ವರ್ಡ್ ಸಾಕು.

ಏನೂ ದಾರಿ ಕಾಣದಿದ್ದರೆ ಹಿಂದಿನ ಸಣ್ಣ ತೂತಿನೊಳಗೆ ಪಿನ್ ಹಾಕಿ 10 ಸೆಕೆಂಡ್ ಒತ್ತಿದರೆ ಬಹಳ ರೂಟರ್‌ಗಳು ರೀಸೆಟ್ ಆಗುತ್ತವೆ. ನಿಮ್ಮದಕ್ಕೆ ಎಷ್ಟು ಹೊತ್ತು ಅಂತ ಕೈಪಿಡಿಯಲ್ಲಿರುತ್ತದೆ. ರೀಸೆಟ್ ಬೇರೆ, ರೀಸ್ಟಾರ್ಟ್ ಬೇರೆ. ರೀಸೆಟ್ ಮಾಡಿದರೆ ಪಿಪಿಪಿಒಇ (ರೂಟರ್ ನೆಟ್‌ಗೆ ಲಾಗಿನ್ ಆಗುವ ಪದ್ಧತಿ) ಯೂಸರ್ ಹೆಸರು, ಪಾಸ್‌ವರ್ಡ್, ನೆಟ್‌ನವರು ಲೈನ್‌ಗೆ ಕೊಟ್ಟ ವಿಲ್ಯಾನ್ ನಂಬರ್ ಎಲ್ಲ ಹೋಗುತ್ತವೆ. ಇವು ನಿಮ್ಮ ಹತ್ತಿರ ಬರೆದಿಲ್ಲದಿದ್ದರೆ, ಶನಿವಾರ ಸಂಜೆ ರೀಸೆಟ್ ಒತ್ತಿ ಸೋಮವಾರದವರೆಗೆ ಲೈನ್‌ಮನ್ ದಾರಿ ಕಾಯಬೇಕಾಗುತ್ತದೆ. ನೆಟ್‌ನವರ ಓಎನ್‌ಟಿಯನ್ನಂತೂ ಅವರನ್ನು ಕೇಳದೆ ರೀಸೆಟ್ ಮಾಡಲೇಬೇಡಿ.

1970ರಲ್ಲಿ ಬದುಕುವ ರೂಟರ್

ಲಾಗ್ ತೆರೆದಾಗ ಪ್ರತಿ ಸಾಲಿನ ಮುಂದೆ 1970ರ ಜನವರಿ 1 ಎಂದು ಕಂಡರೆ ಗಾಬರಿ ಬೇಡ. ಕಂಪ್ಯೂಟರ್‌ನಲ್ಲಿರುವ ಹಾಗೆ ಗಡಿಯಾರಕ್ಕೆ ಅಂತಲೇ ಒಂದು ಬ್ಯಾಟರಿ ಮನೆ ರೂಟರ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಯೂನಿಕ್ಸ್ ಜಗತ್ತು ಸೆಕೆಂಡ್ ಎಣಿಸಲು ಶುರು ಮಾಡುವುದು 1970ರ ಜನವರಿ 1ರಿಂದ. ಕರೆಂಟ್ ಹೋಗಿ ಬಂದಾಗ ಬಹಳ ರೂಟರ್‌ಗಳು ಅಲ್ಲಿಂದಲೇ ಎಣಿಕೆ ಆರಂಭಿಸುತ್ತವೆ. ಕೆಲವು ಮಾಡೆಲ್‌ಗಳು ತಮ್ಮ ಸಾಫ್ಟ್‌ವೇರ್ ತಯಾರಾದ ದಿನದಿಂದ ಶುರು ಮಾಡುತ್ತವೆ. ನೆಟ್ ಬಂದ ಮೇಲೆ ಎನ್‌ಟಿಪಿ ಸರ್ವರ್ ಅನ್ನು ಕೇಳಿ ನಿಜವಾದ ಸಮಯ ತಿದ್ದಿಕೊಳ್ಳುತ್ತವೆ.

ಇದರಿಂದ ಒಂದು ಲಾಭವೂ ಇದೆ. ಲಾಗ್‌ನಲ್ಲಿ 1970ರ ಸಾಲುಗಳು ಬಂದಿವೆ ಅಂದರೆ ಅಲ್ಲಿ ರೂಟರ್ ರೀಬೂಟ್ ಆಗಿದೆ ಅನ್ನುವುದು ಪಕ್ಕಾ. ಆದರೆ ನೆಟ್ ಬಂದ ಮೇಲೂ ಕೊನೆಯ ಸಾಲಿನವರೆಗೆ 1970 ಇದ್ದರೆ ಎನ್‌ಟಿಪಿ ಹೊಂದಿಸಿಲ್ಲ. ಸಿಸ್ಟಮ್ ಟೂಲ್ಸ್ ಅಥವಾ ಅಡ್ಮಿನಿಸ್ಟ್ರೇಶನ್ ಮೆನುವಿನಲ್ಲಿ ಟೈಮ್ ಸೆಟ್ಟಿಂಗ್ ಹುಡುಕಿ. ಸಮಯವನ್ನು ನೆಟ್‌ನಿಂದ ತಗೋ ಎನ್ನುವುದನ್ನು ಆರಿಸಿ. ಸರ್ವರ್ ಹೆಸರು ಕೇಳಿದರೆ ಇನ್ ಡಾಟ್ ಪೂಲ್ ಡಾಟ್ ಎನ್‌ಟಿಪಿ ಡಾಟ್ ಆರ್ಗ್ (in.pool.ntp.org) ಕೊಡಬಹುದು. ಡೇಲೈಟ್ ಸೇವಿಂಗ್ ಆಫ್ ಇರಲಿ, ನಮ್ಮ ದೇಶದಲ್ಲಿ ಅದಿಲ್ಲ.

ಟೈಮ್ ಝೋನ್ ಮಾತ್ರ ಸ್ವಲ್ಪ ನಿಂತು ನೋಡಿ. ಪಟ್ಟಿಯಲ್ಲಿ ಜಿಎಂಟಿ +05:30, ಚೆನ್ನೈ, ಕೋಲ್ಕತಾ, ಮುಂಬೈ, ನವದೆಹಲಿ ಎಂದಿರುವುದನ್ನು ಆರಿಸಬೇಕು. ಕಾರ್ಖಾನೆಯಿಂದ ಬಂದ ಹಾಗೇ ಬಿಟ್ಟರೆ ಅದು ಜಿಎಂಟಿಯಲ್ಲೇ ಕೂತಿರಬಹುದು. ಆಗ ವರ್ಷ ಸರಿ ಕಾಣುತ್ತದೆ, ದಿನಾಂಕವೂ ಹೆಚ್ಚುಕಮ್ಮಿ ಸರಿ ಕಾಣುತ್ತದೆ, ಆದರೆ ರೂಟರ್ ನಿಮಗಿಂತ ಐದೂವರೆ ಗಂಟೆ ಹಿಂದಿರುತ್ತದೆ. 1970 ಆದರೂ ಕಣ್ಣಿಗೆ ಹೊಡೆಯುತ್ತದೆ, ಇದು ಹೊಡೆಯುವುದಿಲ್ಲ.

ಸೇಡಂ ರಸ್ತೆ ಕಡೆಯ ಒಂದು ಮನೆಯ ಕತೆ ಇದೇ. ಟೀಚರ್ ಒಬ್ಬರ ಮನೆ. ಮಗಳಿಗೆ ಬೆಳಿಗ್ಗೆ ಎಂಟು ಗಂಟೆಯಿಂದ ಆನ್‌ಲೈನ್ ಕೋಚಿಂಗ್.

‘ದಿನಾ ಮುಂಜಾನಿ ಎಂಟೂವರಿಗೆ ಕ್ಲಾಸ್ ನಡುವ ಬಂದ್ ಆಗ್ತದ್ರಿ ಅಣ್ಣಾ. ಎರಡು ನಿಮಿಷಕ್ಕ ತಾನೇ ಬರ್ತದ’ ಅಂದರು ಅಕ್ಕ.

‘ಐತಾರನೂ ಆಗ್ತದೇನ್ರಿ ಅಕ್ಕಾರ?’

‘ಐತಾರ ಕ್ಲಾಸೇ ಇರಂಗಿಲ್ಲ. ಯಾರು ನೋಡ್ಯಾರ್ರಿ.’

ಅವರು ಬೈದಿದ್ದು ಕೋಚಿಂಗ್ ಆ್ಯಪ್‌ಗೆ. ಆಮೇಲೆ ಲೈನ್‌ಗೆ. ಲೈನ್‌ಮನ್ ಬಂದು ಕನೆಕ್ಟರ್ ಬದಲಿಸಿ ಹೋಗಿದ್ದ. ನಾನು ಲಾಗ್ ತೆರೆದಾಗ ಅದರಲ್ಲಿ ಇದ್ದದ್ದು ಬಹಳ ಕಡಿಮೆ. ಮೊದಲ ಸಾಲು ಜನವರಿ 1, 00:00:21, ಸಿಸ್ಟಮ್ ಶುರು. ನಂತರ ವೈಫೈ ಶುರು. 00:01:04ಕ್ಕೆ ಪಿಪಿಪಿಒಇ ಕನೆಕ್ಟ್ ಆಗಿದೆ. ಅದರ ಕೆಳಗೆ ಅವತ್ತಿನ ತಾರೀಖು, 03:01:52, ಎನ್‌ಟಿಪಿ ಸಮಯ ಸಿಕ್ಕಿತು. ಅಲ್ಲಿಂದ ಮುಂದೆ ಮಾಮೂಲಿ ಸಾಲುಗಳು. ಅಂದರೆ ರೂಟರ್ ರೀಬೂಟ್ ಆಗಿದೆ, ರಾತ್ರಿ ಮೂರು ಗಂಟೆಗೆ. ಈ ಲಾಗ್ ಅನ್ನು ಮನೆಯವರೂ ಒಮ್ಮೆ ನೋಡಿದ್ದರು. ರಾತ್ರಿ ಮೂರಕ್ಕೆ ಏನಾದರೆ ನಮಗೇನು ಎಂದು ಬಿಟ್ಟಿದ್ದರು. ಅದರಲ್ಲಿ ತಪ್ಪೇನೂ ಇಲ್ಲ, ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ.

ಆದರೆ ನಾನು ಲಾಗ್ ನೋಡುತ್ತಿದ್ದದ್ದು ಸಂಜೆ ಆರರ ಸುಮಾರಿಗೆ. ಕೊನೆಯ ಸಾಲಿನ ಸಮಯ ಹನ್ನೆರಡೂವರೆ ಚಿಲ್ಲರೆ. ಐದೂವರೆ ಗಂಟೆ ಹಿಂದೆ! 03:01ಕ್ಕೆ ಐದೂವರೆ ಕೂಡಿಸಿದರೆ 8:31. ರೀಬೂಟ್ ಶೆಡ್ಯೂಲ್ ಪೇಜ್ ತೆಗೆದು ನೋಡಿದರೆ ದಿನಾ 03:00ಕ್ಕೆ ರೀಬೂಟ್ ಅಂತ ಟಿಕ್ ಇತ್ತು. ಹಾಕಿದವರ ಉದ್ದೇಶ ಒಳ್ಳೆಯದೇ, ಎಲ್ಲರೂ ಮಲಗಿರುವಾಗ ಆಗಿಹೋಗಲಿ ಎಂದು. ಝೋನ್ ಮಾತ್ರ ಜಿಎಂಟಿಯಲ್ಲೇ ಉಳಿದಿತ್ತು. ಝೋನ್ ತಿದ್ದಿದೆವು. ಶೆಡ್ಯೂಲ್ ಟಿಕ್ಕನ್ನೂ ತೆಗೆಸಿದೆ. ಚೆನ್ನಾಗಿರುವ ರೂಟರ್‌ಗೆ ದಿನಾ ರೀಬೂಟ್ ಯಾಕೆ?

ಮಕ್ಕಳ ಫೋನ್‌ಗೆ ರಾತ್ರಿ ಹತ್ತಕ್ಕೆ ನೆಟ್ ಬಂದ್ ಅಂತ ಪೇರೆಂಟಲ್ ಕಂಟ್ರೋಲ್ ಹಾಕಿದವರೂ ಇದನ್ನೊಮ್ಮೆ ನೋಡಿ. ಝೋನ್ ಜಿಎಂಟಿ ಇದ್ದರೆ ಆ ಹತ್ತು ಗಂಟೆ ನಮ್ಮಲ್ಲಿ ಬೆಳಗಿನ ಜಾವ ಮೂರೂವರೆ. ಮಕ್ಕಳು ಯಾಕೆ ದೂರು ಹೇಳಲಿಲ್ಲ ಅಂತ ಈಗ ಗೊತ್ತಾಗುತ್ತದೆ.

ಲಾಗ್ ಮಟ್ಟ ಎಷ್ಟಿರಬೇಕು

ಲಾಗ್ ಸೆಟ್ಟಿಂಗ್ ಪೇಜ್‌ನಲ್ಲಿ ಲೆವೆಲ್ ಎಂಬ ಪಟ್ಟಿ ಇರುತ್ತದೆ. ಸಿಸ್‌ಲಾಗ್ ಎಂಬ ಲಾಗ್ ಬರೆಯುವ ಪದ್ಧತಿಯಲ್ಲಿ ಎಂಟು ಮಟ್ಟಗಳಿವೆ, 0ಯಿಂದ 7. ಅಂಕಿ ಸಣ್ಣದಾದಷ್ಟೂ ವಿಷಯ ದೊಡ್ಡದು. 0 ಎಮರ್ಜೆನ್ಸಿ, 1 ಅಲರ್ಟ್, 2 ಕ್ರಿಟಿಕಲ್, 3 ಎರರ್, 4 ವಾರ್ನಿಂಗ್, 5 ನೋಟಿಸ್, 6 ಇನ್ಫರ್ಮೇಶನ್, 7 ಡೀಬಗ್. ನೀವು 5 ಆರಿಸಿದರೆ 0ಯಿಂದ 5ರವರೆಗಿನದ್ದೆಲ್ಲ ದಾಖಲಾಗುತ್ತದೆ.

ಎಲ್ಲವೂ ಬರಲಿ ಎಂದು ಡೀಬಗ್ ಹಾಕುವವರು ಬಹಳ. ಹಾಕಬೇಡಿ. ರೂಟರ್‌ನಲ್ಲಿ ಲಾಗ್‌ಗೆ ಇರುವ ಜಾಗ ಸಣ್ಣದು. ತುಂಬಿದ ಮೇಲೆ ಹಳೆಯ ಸಾಲು ಅಳಿಸಿ ಹೊಸದು ಬರೆಯುತ್ತದೆ. ಡೀಬಗ್ ಹಾಕಿದರೆ ಫೋನ್ ಮಲಗಿದ್ದು ಎದ್ದದ್ದೆಲ್ಲ ಸೇರಿ ಬೇಗನೆ ತುಂಬುತ್ತದೆ. ಮಧ್ಯಾಹ್ನ ನೆಟ್ ಹೋದ ಸಾಲು ಸಂಜೆ ನೀವು ನೋಡುವ ಹೊತ್ತಿಗೆ ಇರುವುದೇ ಇಲ್ಲ. ತೊಂದರೆ ಹುಡುಕುವಾಗ 6, ಉಳಿದ ದಿನ 5 ಸಾಕು. ಬರೀ ಎರರ್ ಇಟ್ಟರೂ ಕಷ್ಟವೇ, ಲೈನ್ ಕಡಿದು ಕೂಡಿದ ಸಾಲುಗಳನ್ನು ಬಹಳ ರೂಟರ್‌ಗಳು ನೋಟಿಸ್ ಇಲ್ಲವೇ ಇನ್ಫರ್ಮೇಶನ್ ಮಟ್ಟದಲ್ಲೇ ಬರೆಯುತ್ತವೆ.

ಲಾಗ್ ಅನ್ನು ರೂಟರ್‌ನಿಂದ ಹೊರಗೆ ಕಳಿಸುವುದು

ರೂಟರ್ ತಾನೇ ರೀಬೂಟ್ ಆಗುತ್ತಿದ್ದರೆ ಅದರ ಲಾಗ್ ನಂಬಿ ಉಪಯೋಗವಿಲ್ಲ. ಬೀಳುವ ಮುಂಚಿನ ಕೊನೆಯ ಸಾಲು ನಮಗೆ ಬೇಕು, ಅದೇ ಅಳಿಸಿರುತ್ತದೆ. ಇದಕ್ಕೆ ರಿಮೋಟ್ ಲಾಗ್, ಅಂದರೆ ಸಿಸ್‌ಲಾಗ್ ಸರ್ವರ್, ಎಂಬ ಸೌಲಭ್ಯವಿದೆ. ಲಾಗ್ ಪೇಜ್‌ನಲ್ಲೇ ಇರುತ್ತದೆ. ಅಲ್ಲಿ ಮನೆಯ ಒಂದು ಕಂಪ್ಯೂಟರ್‌ನ ಐಪಿ ವಿಳಾಸ ಮತ್ತು ಪೋರ್ಟ್ 514 ಕೊಟ್ಟರೆ, ರೂಟರ್ ಪ್ರತಿ ಸಾಲನ್ನೂ ಬರೆದ ಕೂಡಲೇ ಯುಡಿಪಿ ಎಂಬ ಸರಳ ರವಾನೆ ಪದ್ಧತಿಯಲ್ಲಿ ಅಲ್ಲಿಗೆ ಎಸೆಯುತ್ತದೆ. ನೆಟ್‌ನವರು ಕೊಟ್ಟ ಕೆಲವು ಡಬ್ಬಿಗಳಲ್ಲಿ ಗ್ರಾಹಕರ ಲಾಗಿನ್‌ಗೆ ಈ ಪೇಜ್ ಕಾಣುವುದಿಲ್ಲ. ಅಂಥ ಕಡೆ ಆಗಾಗ ಸೇವ್ ಲಾಗ್ ಒತ್ತುವುದೇ ದಾರಿ.

ಮೂಲೆಯಲ್ಲಿ ಬಿದ್ದಿರುವ ಹಳೇ ಲ್ಯಾಪ್‌ಟಾಪ್ ಇದಕ್ಕೆ ಸಾಕು. ಉಬುಂಟು ಅಥವಾ ಡೆಬಿಯನ್ ಇದ್ದರೆ ಆರ್‌ಸಿಸ್‌ಲಾಗ್ ಪ್ಯಾಕೇಜ್ ಹಾಕಿಕೊಳ್ಳಿ. ಅದರ ಕಾನ್ಫಿಗ್ ಫೈಲ್‌ನಲ್ಲಿ ಯುಡಿಪಿ 514ರಲ್ಲಿ ಬಂದದ್ದನ್ನು ತೆಗೆದುಕೊಳ್ಳಲು ಎರಡು ಸಾಲುಗಳಿವೆ, ಮುಂದೆ ಹ್ಯಾಶ್ ಗುರುತು ಹಾಕಿ ಸುಮ್ನೆ ಕೂಡಿಸಿರುತ್ತಾರೆ. ಆ ಹ್ಯಾಶ್ ತೆಗೆದು ಸರ್ವಿಸ್ ರೀಸ್ಟಾರ್ಟ್ ಮಾಡಿ. ವಿಂಡೋಸ್ ಆದರೆ ಉಚಿತವಾಗಿ ಸಿಗುವ ಸಿಸ್‌ಲಾಗ್ ಸರ್ವರ್ ಪ್ರೋಗ್ರಾಂ ಒಂದನ್ನು ಹಾಕಬೇಕು. ಎರಡರಲ್ಲೂ ಫೈರ್‌ವಾಲ್‌ನಲ್ಲಿ ಯುಡಿಪಿ 514ಕ್ಕೆ ದಾರಿ ಬಿಡಬೇಕು.

ಹಾಕಿದ ಮೇಲೂ ಒಂದು ಸಾಲೂ ಬರುತ್ತಿಲ್ಲವಾ? ಲ್ಯಾಪ್‌ಟಾಪ್‌ನ ವಿಳಾಸ ಬದಲಾಗಿರಬಹುದು. ಮನೆಯ ಸಾಧನಗಳಿಗೆ ವಿಳಾಸ ಹಂಚುವ ರೂಟರ್‌ನ ಡಿಎಚ್‌ಸಿಪಿ ನಿನ್ನೆ 192.168.1.7 ಕೊಟ್ಟಿತ್ತು, ಇವತ್ತು 192.168.1.12. ಅಡ್ರೆಸ್ ರಿಸರ್ವೇಶನ್ ಪೇಜ್‌ನಲ್ಲಿ ಒಂದೇ ವಿಳಾಸ ಕಾಯಂ ಮಾಡಿ. ಲ್ಯಾಪ್‌ಟಾಪ್ ನಿದ್ದೆಗೆ ಹೋಗದಂತೆ ಪವರ್ ಸೆಟ್ಟಿಂಗ್ ತಿದ್ದಿ. ಮತ್ತೆ ಮುಖ್ಯವಾಗಿ, ಅದನ್ನು ರೂಟರ್‌ಗೆ ಕೇಬಲ್‌ನಲ್ಲೇ ಸೇರಿಸಿ. ವೈಫೈ ಹೋಗುವ ತೊಂದರೆ ಹುಡುಕುತ್ತಾ ಅದೇ ವೈಫೈ ಮೇಲೆ ಲಾಗ್ ತರಿಸಿಕೊಂಡರೆ, ವೈಫೈ ಹೋದ ಕ್ಷಣದ ಸಾಲು ಯಾವ ದಾರಿಯಲ್ಲಿ ಬರಬೇಕು? ಯುಡಿಪಿಯಲ್ಲಿ ಮುಟ್ಟಿತಾ ಎಂದು ಕೇಳುವ ಪದ್ಧತಿಯೂ ಇಲ್ಲ. ಕಳೆದದ್ದು ಕಳೆದಂತೆಯೇ.

ಹಳೆಯ ಸಿಸ್‌ಲಾಗ್ ಮಾದರಿಯ ಸಾಲುಗಳಲ್ಲಿ ವರ್ಷವೂ ಇಲ್ಲ, ಟೈಮ್ ಝೋನೂ ಇಲ್ಲ. ಬರೀ ತಿಂಗಳು, ತಾರೀಖು, ಗಂಟೆ. 2009ರಲ್ಲಿ ಬಂದ ಹೊಸ ಮಾದರಿಯಲ್ಲಿ ಎರಡೂ ಇವೆ, ಆದರೆ ಮನೆ ರೂಟರ್‌ಗಳು ಈಗಲೂ ಹೆಚ್ಚಾಗಿ ಹಳೆಯದನ್ನೇ ಕಳಿಸುತ್ತವೆ. ಗಡಿಯಾರ ಮೊದಲು ಸರಿ ಮಾಡಿ ಎಂದದ್ದು ಇದಕ್ಕೇ.

ಎಷ್ಟು ದಿನದ ಲಾಗ್ ಇಟ್ಟುಕೊಳ್ಳಬೇಕು ಎಂದು ಕೆಲವರು ಕೇಳುತ್ತಾರೆ. ದೇಶದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಆದೇಶದಲ್ಲಿ 180 ದಿನ ಅಂತ ಇದೆ. ಅದು ಕಂಪನಿ, ಸಂಸ್ಥೆ, ಸೇವೆ ಕೊಡುವವರಿಗೆ. ಮನೆಗೆ ಒಂದೆರಡು ವಾರದ್ದು ಧಾರಾಳ.

ಸಾಲುಗಳನ್ನು ಓದುವುದು

ಲಾಗ್ ಪೂರ್ತಿ ಓದಲು ಹೋಗಬೇಡಿ, ತಲೆನೋವು. ನೆಟ್ ಹೋದ ಸಮಯ ಬರೆದಿಟ್ಟುಕೊಂಡು, ಅದಕ್ಕಿಂತ ಎರಡು ನಿಮಿಷ ಮುಂಚಿನಿಂದ ಎರಡು ನಿಮಿಷ ನಂತರದವರೆಗೆ ಮಾತ್ರ ನೋಡಿ.

ಪಿಪಿಪಿಒಇ ಲಾಗಿನ್ ಇರುವ ಕನೆಕ್ಷನ್ ಆದರೆ ಐದು ಹೆಸರು ಕಾಣುತ್ತವೆ: ಪಿಎಡಿಐ, ಪಿಎಡಿಒ, ಪಿಎಡಿಆರ್, ಪಿಎಡಿಎಸ್, ಪಿಎಡಿಟಿ. ರೂಟರ್ ಪಿಎಡಿಐ ಕಳಿಸಿ ‘ಯಾರಾದ್ರೂ ಇದ್ದೀರೇನ್ರಿ’ ಎಂದು ಕೂಗುತ್ತದೆ. ಆ ಕಡೆಯ ಯಂತ್ರ ಪಿಎಡಿಒ ಎಂದು ಓಗೊಡುತ್ತದೆ. ಪಿಎಡಿಆರ್, ಪಿಎಡಿಎಸ್ ಆದ ಮೇಲೆ ಮಾತುಕತೆ ಶುರು. ಬರೀ ಪಿಎಡಿಐ ಸಾಲುಗಳೇ ಒಂದರ ಕೆಳಗೊಂದು ಇದ್ದು ಪಿಎಡಿಒ ಇಲ್ಲವೆಂದರೆ ನಿಮ್ಮ ಕೂಗು ಆ ಕಡೆ ಮುಟ್ಟುತ್ತಿಲ್ಲ. ಲೈನ್, ವಿಲ್ಯಾನ್ ನಂಬರ್, ಇಲ್ಲವೇ ಅವರ ಕಡೆಯ ತೊಂದರೆ. ಪಿಎಡಿಎಸ್‌ವರೆಗೆ ಹೋಗಿ ಆಮೇಲೆ ಅಥೆಂಟಿಕೇಶನ್ ಫೇಲ್ ಎಂದಿದ್ದರೆ ಲೈನ್ ಚೆನ್ನಾಗಿದೆ. ಪಾಸ್‌ವರ್ಡ್ ತಪ್ಪಿದೆ, ಇಲ್ಲವೇ ಪ್ಯಾಕ್ ಮುಗಿದಿದೆ. ರೀಚಾರ್ಜ್ ತಾರೀಖು ನೋಡದೆ ಮೂರು ದಿನ ಲೈನ್‌ಮನ್‌ಗೆ ಬೈದವರು ಎಲ್ಲ ಓಣಿಯಲ್ಲೂ ಇದ್ದಾರೆ. ಎಲ್‌ಸಿಪಿ ಎಕೋಗೆ (ಲೈನ್ ಜೀವಂತ ಇದೆಯಾ ಎಂದು ಆಗಾಗ ಕೇಳುವ ಸಂದೇಶ) ಉತ್ತರವಿಲ್ಲ ಅಂತ ಬಂದು ಕನೆಕ್ಷನ್ ಕಡಿದಿದ್ದರೆ ನಡೆಯುತ್ತಿದ್ದ ಲೈನ್ ನಡುವೆ ಸತ್ತಿತು ಎಂದರ್ಥ. ಆ ಕಡೆಯಿಂದ ಪಿಎಡಿಟಿ ಬಂದಿದ್ದರೆ ಅವರೇ ಕಡಿದಿದ್ದಾರೆ.

ಲೈನ್ ಮೇಲೆ ಅನುಮಾನ ಬಂದರೆ ಓಎನ್‌ಟಿಯಲ್ಲಿ ಆಪ್ಟಿಕಲ್ ಪವರ್ ಪೇಜ್ ಇದೆಯಾ ನೋಡಿ. ಬರುವ ಬೆಳಕಿನ ಬಲ ಮೈನಸ್ ಅಂಕಿಯಲ್ಲಿ, ಡಿಬಿಎಂ ಲೆಕ್ಕದಲ್ಲಿ ಇರುತ್ತದೆ. ಜಿಪಾನ್ ಎಂಬ ಫೈಬರ್ ಪದ್ಧತಿಯ ಸಾಮಾನ್ಯ ಡಬ್ಬಿ ಹಿಡಿಯುವುದು -8ರಿಂದ -27ರವರೆಗೆ. -18, -20 ಎಂದರೆ ಆರಾಮ. -26, -27 ಎಂದರೆ ಅಂಚಿನಲ್ಲಿ ನಿಂತಿದೆ. ಗೋಡೆಯ ಮೂಲೆಯಲ್ಲಿ ಫೈಬರ್ ಬಿಗಿಯಾಗಿ ಮಡಚಿ ಮೊಳೆ ಹೊಡೆದಿದ್ದರೆ ಅದನ್ನು ಸಡಿಲ ಮಾಡಿದರೇ ಅಂಕಿ ಸುಧಾರಿಸುತ್ತದೆ. ಕಿತ್ತ ಫೈಬರ್ ತುದಿಯನ್ನು ಕಣ್ಣಿಟ್ಟು ಮಾತ್ರ ನೋಡಬೇಡಿ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೂ ಲೇಸರ್ ಲೇಸರೇ.

ಡಿಎಚ್‌ಸಿಪಿ ಸಾಲುಗಳು ದಿನವಿಡೀ ಬರುತ್ತಿರುತ್ತವೆ, ಅವು ಮಾಮೂಲು. ಆದರೆ ಒಂದು ಫೋನ್‌ಗೆ ಮಾತ್ರ ನೆಟ್ ಇಲ್ಲ, ಅದರ ವಿಳಾಸ 192.168.0 ಎಂದು ಶುರುವಾಗುತ್ತದೆ, ಉಳಿದವರದ್ದು 192.168.1 ಅಂತಿದ್ದರೆ ಮನೆಯಲ್ಲಿ ಎರಡು ಕಡೆಯಿಂದ ವಿಳಾಸ ಹಂಚುತ್ತಿದ್ದಾರೆ. ಮಹಡಿಗೆ ಸಿಗ್ನಲ್ ಬರಲಿ ಅಂತ ಹಳೇ ರೂಟರ್ ಒಂದನ್ನು ಲ್ಯಾನ್ ಪೋರ್ಟ್‌ಗೆ ಚುಚ್ಚಿರುತ್ತೀರಿ. ಅದರ ಡಿಎಚ್‌ಸಿಪಿ ಬಂದ್ ಮಾಡಿ.

ಫೈರ್‌ವಾಲ್ ಸಾಲುಗಳು ಹೆದರಿಸುತ್ತವೆ. ಡಾಸ್ ಅಟ್ಯಾಕ್, ಪೋರ್ಟ್ ಸ್ಕ್ಯಾನ್ ಎಂದೆಲ್ಲ ಬರೆದು ವಿದೇಶದ ಐಪಿ ವಿಳಾಸ ತೋರಿಸುತ್ತದೆ. ಇಂಟರ್ನೆಟ್‌ನಲ್ಲಿರುವ ಪ್ರತಿ ವಿಳಾಸದ ಬಾಗಿಲನ್ನೂ ಯಾರೋ ಒಬ್ಬರು ದಿನವಿಡೀ ತಟ್ಟುತ್ತಲೇ ಇರುತ್ತಾರೆ. ತಡೆದೆ ಎಂದು ಬರೆದಿದ್ದರೆ ತಡೆದಿದೆ, ಅಷ್ಟೇ. ನಿಮ್ಮ ನೆಟ್ ಹೋಗಲು ಅದು ಕಾರಣ ಅಲ್ಲ. ಗ್ರೂಪ್ ಕೀ ಬದಲಾಯಿತು, ಡಿಆಥೆಂಟಿಕೇಟ್ ಆಯಿತು ಎಂಬ ವೈಫೈ ಸಾಲುಗಳೂ ಬಹುಪಾಲು ನಿರುಪದ್ರವಿ. 5 ಗಿಗಾಹರ್ಟ್ಸ್ ವೈಫೈ ಮಾತ್ರ ಒಮ್ಮೊಮ್ಮೆ ಮಾಯವಾಗುತ್ತಿದ್ದು ಲಾಗ್‌ನಲ್ಲಿ ರೇಡಾರ್ ಅಥವಾ ಡಿಎಫ್‌ಎಸ್ (ರೇಡಾರ್ ಸಿಕ್ಕರೆ ಆ ಚಾನೆಲ್ ಬಿಡುವ ನಿಯಮ) ಎಂಬ ಪದ ಕಂಡರೆ ಚಾನೆಲ್ 36ರಿಂದ 48ರ ಒಳಗೆ ಕಾಯಂ ಮಾಡಿ.

ಲಾಗ್ ಸುಮ್ಮನೆ ನಿಂತುಹೋದರೆ

ಹೊರಗೆ ಕಳಿಸಿದ ಲಾಗ್‌ನಲ್ಲಿ ಯಾವ ಎಚ್ಚರಿಕೆಯೂ ಇಲ್ಲದೆ ಸಾಲು ನಿಂತು, ಮುಂದಿನ ಸಾಲು ಸಿಸ್ಟಮ್ ಶುರು ಎಂದಿದ್ದರೆ ಹೆಚ್ಚಾಗಿ ಕರೆಂಟ್ ತಪ್ಪಿರುತ್ತದೆ. ರೂಟರ್‌ಗೆ ಕೊನೆಯ ಮಾತು ಹೇಳಲೂ ಸಮಯ ಸಿಕ್ಕಿಲ್ಲ. ಮನೆಯಲ್ಲಿ ಲೈಟ್ ಹೋಗಿಲ್ಲ, ಫ್ಯಾನ್ ನಿಂತಿಲ್ಲ, ರೂಟರ್ ಮಾತ್ರ ಬೀಳುತ್ತಿದೆ ಎಂದರೆ ಅಡಾಪ್ಟರ್ ನೋಡಿ.

ನಮ್ಮ ಕಡೆ ಬೇಸಿಗೆಯಲ್ಲಿ ಇದು ಜಾಸ್ತಿ. ಒಂದೇ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಕೂಲರ್, ಟಿವಿ, ರೂಟರ್ ಎಲ್ಲ. ಮಧ್ಯಾಹ್ನ ಮೊದಲೇ ವೋಲ್ಟೇಜ್ ಕಡಿಮೆ. ಕೂಲರ್ ಮೋಟರ್ ಶುರುವಾಗುವ ಕ್ಷಣ ಇನ್ನಷ್ಟು ಜಗ್ಗುತ್ತದೆ. ಅಡಾಪ್ಟರ್ ಗಟ್ಟಿ ಇದ್ದರೆ ತಡೆಯುತ್ತದೆ, ಮುದಿಯಾಗಿದ್ದರೆ ಇಲ್ಲ. ಪರೀಕ್ಷೆ ಸುಲಭ. ಲಾಗ್ ತೆರೆದಿಟ್ಟುಕೊಂಡು ಕೂಲರ್ ಹಾಕಿ ತೆಗೆದು ನೋಡಿ. ರೂಟರ್ ಬಿದ್ದರೆ ಕಳ್ಳ ಸಿಕ್ಕ. ರೂಟರ್ ಅನ್ನು ಬೇರೆ ಗೋಡೆಯ ಸಾಕೆಟ್‌ಗೆ ಹಾಕಿ, ಹೊಸ ಅಡಾಪ್ಟರ್ ತನ್ನಿ. ಹಳೆಯದರ ಮೇಲೆ 12 ವೋಲ್ಟ್ 1 ಆಂಪಿಯರ್ ಎಂದಿದ್ದರೆ ಹೊಸದು 12 ವೋಲ್ಟೇ ಇರಬೇಕು. ಆಂಪಿಯರ್ 1 ಅಥವಾ ಅದಕ್ಕಿಂತ ಹೆಚ್ಚಿರಬಹುದು, ಕಡಿಮೆ ಬೇಡ. ಪಿನ್ನಿನ ಪ್ಲಸ್ ಮೈನಸ್ ಗುರುತೂ ಹೊಂದಬೇಕು. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆ ಕಡೆಗೆ ಹೋದಾಗ ಹಳೇ ಅಡಾಪ್ಟರ್ ಜೇಬಲ್ಲೇ ಇರಲಿ, ಬಾಯಲ್ಲಿ ಹೇಳಿದರೆ ಅಂಗಡಿಯವನೂ ತಪ್ಪುತ್ತಾನೆ. ಇನ್ವರ್ಟರ್‌ಗೆ ಬದಲಾಗುವ ಆ ಕ್ಷಣದಲ್ಲೇ ರೂಟರ್ ಬೀಳುತ್ತಿದ್ದರೆ ರೂಟರ್‌ಗೆಂದೇ ಸಿಗುವ 12 ವೋಲ್ಟ್ ಸಣ್ಣ ಯುಪಿಎಸ್ ಹಾಕಿ. ಓಎನ್‌ಟಿ ಬೇರೆ ಇದ್ದರೆ ಅದಕ್ಕೂ ಬೇಕು.

ಬಿಸಿಯದ್ದು ಇನ್ನೊಂದು. ಮನೆ ರೂಟರ್‌ಗಳನ್ನು ಸಾಮಾನ್ಯವಾಗಿ 0ಯಿಂದ 40 ಡಿಗ್ರಿವರೆಗೆ ಎಂದು ಮಾಡಿರುತ್ತಾರೆ. ಕಲಬುರಗಿಯ ಮೇ ತಿಂಗಳು ಆ 40 ದಾಟಿಯೇ ದಾಟುತ್ತದೆ. ತಗಡಿನ ಕೆಳಗಿನ ಕೋಣೆಯಲ್ಲೋ, ಬಾಗಿಲು ಹಾಕಿದ ಟಿವಿ ಕಪಾಟಿನಲ್ಲೋ, ಸೆಟ್‌ಟಾಪ್ ಬಾಕ್ಸ್ ಮೇಲೋ ಇಟ್ಟರೆ ಕೇಳುವುದೇ ಬೇಡ. ಬಿಸಿಗೆ ಹ್ಯಾಂಗ್ ಆದ ರೂಟರ್‌ನ ಲಾಗ್‌ನಲ್ಲಿ ವೈಫೈ ಭಾಗ ಮತ್ತೆ ಮತ್ತೆ ಶುರುವಾದ ಸಾಲುಗಳು ಕಾಣಬಹುದು, ಇಲ್ಲವೇ ಏನೂ ಕಾಣದೆ ನಿಂತಿರಬಹುದು. ಮಧ್ಯಾಹ್ನ ಎರಡರಿಂದ ಐದರೊಳಗೆ ಮಾತ್ರ ತೊಂದರೆ, ರಾತ್ರಿ ಚೆನ್ನಾಗಿದೆ ಎಂದರೆ ಜಾಗ ಬದಲಿಸಿ. ಒಳಗೋಡೆಯ ಶಹಾಬಾದ್ ಫರ್ಸಿ ಕಲ್ಲಿನ ಹಲಗೆಯ ಮೇಲೆ, ನಾಲ್ಕೂ ಕಡೆ ಗಾಳಿಯಾಡುವ ಹಾಗೆ ಇಡಿ.

ನೆಟ್‌ನವರಿಗೆ ಹೇಳುವಾಗ

‘ನೆಟ್ ಸ್ಲೋ ಅದ’ ಎಂದರೆ ರೀಸ್ಟಾರ್ಟ್ ಮಾಡ್ರಿ ಎಂಬ ಉತ್ತರ ಬರುತ್ತದೆ. ‘ಮಂಗಳವಾರ ಮಧ್ಯಾಹ್ನ 2:14ಕ್ಕೆ ಎಲ್‌ಸಿಪಿ ಟೈಮ್‌ಔಟ್ ಆಗ್ಯಾದ್ರಿ, ರೂಟರ್ ಅಪ್‌ಟೈಮ್ ಒಂಬತ್ತು ದಿನ ಅದ, ಆಪ್ಟಿಕಲ್ ಪವರ್ -27 ಅದ’ ಎಂದು ಹೇಳಿ ನೋಡಿ. ಫೋನ್ ಎತ್ತಿದವರು ಸುಮ್ಮನಾಗಿ ಮೇಲಿನವರಿಗೆ ಕೊಡುತ್ತಾರೆ. ಲಾಗ್ ಫೋಟೋವನ್ನು ಗ್ರೂಪ್‌ಗಳಲ್ಲಿ ಹಾಕುವುದಾದರೆ ಪಿಪಿಪಿಒಇ ಯೂಸರ್ ಹೆಸರು ಮುಚ್ಚಿ ಹಾಕಿ. ನೆಟ್‌ನವರಿಗೇ ಕಳಿಸುವುದಾದರೆ ಅದು ಬೇಕಾಗುತ್ತದೆ.

ಮುಗಿದ ಮೇಲೆ ತಿರುಗಿ ಬಂದ್ ಮಾಡಬೇಕಾದ್ದು

ತೊಂದರೆ ಹುಡುಕುವಾಗ ಬಹಳ ಬಾಗಿಲು ತೆರೆದಿರುತ್ತೇವೆ. ಯಾರೋ ದೂರದಿಂದ ನೋಡಿಕೊಡುತ್ತೇನೆ ಎಂದಾಗ ರಿಮೋಟ್ ಮ್ಯಾನೇಜ್‌ಮೆಂಟ್ ಆನ್ ಮಾಡಿದ್ದರೆ ಅದನ್ನು ಆಫ್ ಮಾಡಿ. ದೂರದಿಂದ ಲಾಗಿನ್ ಆಗುವ ಹಳೆಯ ದಾರಿಯಾದ ಟೆಲ್‌ನೆಟ್ ಕೂಡ. 2016ರಲ್ಲಿ ಮಿರಾಯ್ ಎಂಬ ವೈರಸ್ ಲಕ್ಷಗಟ್ಟಲೆ ಕ್ಯಾಮೆರಾ, ರೂಟರ್‌ಗಳನ್ನು ಹಿಡಿದದ್ದು ಹೀಗೇ. ಅದರ ಹತ್ತಿರ ಇದ್ದದ್ದು ಕಾರ್ಖಾನೆಯಿಂದ ಬರುವ 60 ಚಿಲ್ಲರೆ ಯೂಸರ್ ಹೆಸರು, ಪಾಸ್‌ವರ್ಡ್‌ಗಳ ಪಟ್ಟಿ, ಅಷ್ಟೇ. ಅದೇ ವರ್ಷ ನವೆಂಬರ್‌ನಲ್ಲಿ ಅದರದ್ದೇ ಇನ್ನೊಂದು ತಳಿ ಪೋರ್ಟ್ 7547ರ ಮೂಲಕ ನುಗ್ಗಲು ಹೋಗಿ ಜರ್ಮನಿಯಲ್ಲಿ ಸುಮಾರು 9 ಲಕ್ಷ ಮನೆಗಳ ಕನೆಕ್ಷನ್ ಕೆಡಿಸಿತು. 7547 ಎಂದರೆ ಟಿಆರ್-069, ನೆಟ್‌ನವರು ನಿಮ್ಮ ಡಬ್ಬಿಯನ್ನು ದೂರದಿಂದ ನೋಡಿಕೊಳ್ಳುವ ದಾರಿ. ಅವರ ಓಎನ್‌ಟಿಯಲ್ಲಿ ಅದು ಇದ್ದರೆ ಇರಲಿ, ಅವರು ಅಪ್‌ಡೇಟ್ ಕಳಿಸುವುದು ಅದರಲ್ಲೇ. ನೀವು ಕೊಂಡ ರೂಟರ್‌ನಲ್ಲಿ ಅದು ಬೇಡ.

ವ್ಯಾನ್ ಐಪಿ, ಅಂದರೆ ನೆಟ್‌ನವರು ರೂಟರ್‌ಗೆ ಕೊಟ್ಟ ವಿಳಾಸ, 100.64ರಿಂದ 100.127ರ ಒಳಗೆ ಇದ್ದರೆ ನೀವು ಸಿಜಿನ್ಯಾಟ್ (ಹಲವು ಮನೆಗಳು ಒಂದೇ ಹೊರಗಿನ ವಿಳಾಸ ಹಂಚಿಕೊಳ್ಳುವ ಪದ್ಧತಿ) ಹಿಂದೆ ಇದ್ದೀರಿ, ಹೊರಗಿನವರು ಆ ವಿಳಾಸಕ್ಕೆ ನೇರ ಬರಲಾರರು. ಹಾಗೆಂದು ಸಡಿಲ ಬಿಡಬೇಡಿ. ಐಪಿವಿ6 ಎಂಬ ಹೊಸ ಬಗೆಯ ವಿಳಾಸ ಇದ್ದರೆ ಆ ದಾರಿ ಬೇರೆಯೇ ಇದೆ.

ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ವೈಫೈ ಪಾಸ್‌ವರ್ಡ್ ಅನ್ನೇ ಇದಕ್ಕೂ ಇಡಬೇಡಿ, ಅದು ಬಂದ ನೆಂಟರಿಗೆಲ್ಲ ಗೊತ್ತಿರುತ್ತದೆ. ಲಾಗ್ ಮಟ್ಟ 6ರಿಂದ 5ಕ್ಕೆ ಇಳಿಸಿ. ಕೊನೆಗೆ ಬ್ಯಾಕಪ್ ಪೇಜ್‌ಗೆ ಹೋಗಿ ಕಾನ್ಫಿಗ್ ಫೈಲ್ ಇಳಿಸಿಕೊಂಡು, ಫೈಲ್ ಹೆಸರಿನಲ್ಲಿ ಆ ದಿನದ ತಾರೀಖು ಹಾಕಿ ಇಡಿ. ಅದೇ ಮಾಡೆಲ್‌ನ ರೂಟರ್‌ಗೆ ಮಾತ್ರ ಆ ಫೈಲ್ ಕೂಡುತ್ತದೆ. ಹಾಗಾಗಿ ಪಿಪಿಪಿಒಇ ಹೆಸರು, ಪಾಸ್‌ವರ್ಡ್, ವಿಲ್ಯಾನ್ ನಂಬರ್ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ನೆಟ್ ಬಿಲ್ಲಿನ ಜೊತೆಗೆ ಇಟ್ಟುಬಿಡಿ.